ನಿಂತ ಲಾರಿಯ ಲೆಕ್ಕ: ಒಂದೇ ಲಾರಿ ಇರುವವರ ಮುಂದಿನ ದಾರಿ

ಕೂಳೂರಿನಿಂದ ಪಣಂಬೂರು, ಬೈಕಂಪಾಡಿ ದಾಟಿ ಸುರತ್ಕಲ್‌ವರೆಗೆ ಹೆದ್ದಾರಿಯ ಅಂಚಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡದ ಮಂಗಳೂರಿಗರಿಲ್ಲ. ಆ ಸಾಲಿನಲ್ಲಿ ಐವತ್ತು, ನೂರು ಲಾರಿ ಇಟ್ಟುಕೊಂಡ ಸಂಸ್ಥೆಗಳ ಗಾಡಿಗಳಿವೆ. ಅವುಗಳ ನಡುವೆಯೇ ಧಣಿಯೂ ತಾನೇ, ಡ್ರೈವರೂ ತಾನೇ ಆಗಿರುವವರ ಗಾಡಿಗಳೂ ಇವೆ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಕಂಪನಿಯ ಚಾಸಿ, ಒಂದೇ ಬೆಲೆಯ ಡೀಸೆಲ್, ಹೆಚ್ಚು ಕಡಿಮೆ ಒಂದೇ ಬಾಡಿಗೆ. ಆದರೂ ಐದು ವರ್ಷ ಕಳೆಯುವಾಗ ಒಬ್ಬ ಹತ್ತು ಲಾರಿ ಹೆಚ್ಚಿಸಿಕೊಂಡಿರುತ್ತಾನೆ, ಇನ್ನೊಬ್ಬನ ಲಾರಿಯನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋಗಿರುತ್ತಾರೆ.

ಕಾರಣ ಕೇಳಿದರೆ ಡೀಸೆಲ್ ದರ, ಟೋಲ್, ಬಾಡಿಗೆ ಇಳಿದದ್ದು ಎಂಬ ಉತ್ತರ ಬರುತ್ತದೆ. ಅವೆಲ್ಲ ನಿಜವಾದ ಹೊರೆಯೇ. ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ ಏರಿತು, 2025ರ ಏಪ್ರಿಲ್ 1ಕ್ಕೆ ಶೇ 21.17 ಆಯಿತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರಕ್ಕೂ ಇಳಿದರು. ಆದರೆ ಈ ಹೊರೆ ನೂರು ಲಾರಿಯವನಿಗೂ ಒಂದು ಲಾರಿಯವನಿಗೂ ಸಮಾನ. ಇಬ್ಬರನ್ನು ಬೇರೆ ಮಾಡುವುದು ಲಾರಿ ತಿಂಗಳಲ್ಲಿ ಎಷ್ಟು ದಿನ ಸುಮ್ಮನೆ ನಿಂತಿತು ಎಂಬ ಲೆಕ್ಕ. ಒಂದೇ ಲಾರಿಯ ಧಣಿ ಉಳಿಯುತ್ತಾನೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ.

ಒಂದು ದಿನ ನಿಂತರೆ ಎಷ್ಟು?

ಹತ್ತು ಚಕ್ರದ, ಒಟ್ಟು 28 ಟನ್ ತೂಕದ ಹೊಸ ಲಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2018ರ ಜುಲೈಯಲ್ಲಿ ಆಕ್ಸಲ್ ತೂಕದ ಮಿತಿ ಏರಿದ ಮೇಲೆ ಮೂರು ಆಕ್ಸಲ್‌ನ ಲಾರಿಗೆ 25 ಟನ್ ಇದ್ದದ್ದು 28.5 ಟನ್ ಆಗಿದೆ. ಲಾರಿಯ ಸ್ವಂತ ತೂಕ ಸುಮಾರು 9 ಟನ್ ಕಳೆದರೆ 19 ಟನ್ ಲೋಡ್ ಹಾಕಬಹುದು. ಮುಂದಿನ ಮೊತ್ತಗಳು ಲೆಕ್ಕದ ದಾರಿ ತೋರಿಸಲು ಹಿಡಿದವು. ಅವುಗಳ ಜಾಗದಲ್ಲಿ ನಿಮ್ಮ ಗಾಡಿಯ ಅಂಕಿ ಹಾಕಿಕೊಳ್ಳಿ.

28 ಲಕ್ಷ ಸಾಲ, ಶೇ 11 ಬಡ್ಡಿ, 60 ಕಂತು ಎಂದಾದರೆ ತಿಂಗಳ ಇಎಂಐ ಸುಮಾರು 60,900 ರೂಪಾಯಿ. ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗಾದ ಹಾನಿಯ ಪ್ರೀಮಿಯಂ ಒಂದಕ್ಕೇ 20ರಿಂದ 40 ಟನ್‌ವರೆಗಿನ ಗಾಡಿಗೆ 2022ರ ದರದಂತೆ 43,950 ರೂಪಾಯಿ. ಸ್ವಂತ ಹಾನಿಯ ಭಾಗವನ್ನೂ ಸೇರಿಸಿ ವರ್ಷಕ್ಕೆ 80,000 ಎಂದಿಟ್ಟರೆ ತಿಂಗಳಿಗೆ 6,700. ನ್ಯಾಷನಲ್ ಪರ್ಮಿಟ್‌ಗೆ ವರ್ಷಕ್ಕೆ 16,500. ಇದರ ಜೊತೆ ರಸ್ತೆ ತೆರಿಗೆ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ) ಎಲ್ಲ ಸೇರಿ ತಿಂಗಳಿಗೆ 3,300 ಎನ್ನೋಣ. ಡ್ರೈವರ್ ಸಂಬಳ 20,000. ಧಣಿಯೇ ಓಡಿಸಿದರೂ ಇದನ್ನು ಬರೆಯಲೇಬೇಕು. ತನ್ನ ದುಡಿಮೆಗೆ ಸಂಬಳ ಹಾಕಿಕೊಳ್ಳದವನು ಲಾಭವೆಂದು ಎಣಿಸುವುದು ತನ್ನದೇ ಕೂಲಿಯನ್ನು.

ಒಟ್ಟು 90,900. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 3,030 ರೂಪಾಯಿ. ಲಾರಿಯ ಬೀಗ ತೆಗೆಯದಿದ್ದರೂ ಬೆಳಗಾಗುವಷ್ಟರಲ್ಲಿ ಇಷ್ಟು ಹಣ ಹೋಗಿರುತ್ತದೆ. ಇದನ್ನು ನಿಂತ ಖರ್ಚು ಎನ್ನೋಣ.

ಓಡುವ ಖರ್ಚು ಬೇರೆ. ಡೀಸೆಲ್ ಲೀಟರಿಗೆ 90 ರೂಪಾಯಿ, ಘಾಟಿ ಸೇರಿ ಸರಾಸರಿ ಮೈಲೇಜ್ 4 ಎಂದರೆ ಕಿಲೋಮೀಟರಿಗೆ 22.50. ಬಿಎಸ್6, ಅಂದರೆ ಹೊಗೆಯ ಹೊಸ ನಿಯಮದ ಗಾಡಿಗೆ ಹಾಕುವ ಡಿಇಎಫ್, ಅಂದರೆ ಡ್ರೈವರ್‌ಗಳು ಯೂರಿಯಾ ಎನ್ನುವ ನೀಲಿ ಮುಚ್ಚಳದ ಟ್ಯಾಂಕಿನದ್ದು, ಡೀಸೆಲ್‌ನ ಶೇ 5ರಷ್ಟು ಖರ್ಚಾದರೆ 75 ಪೈಸೆ. ಟೈರಿಗೆ 3, ಟೋಲ್‌ಗೆ 3, ಸರ್ವಿಸ್ ಮತ್ತು ರಿಪೇರಿಗೆ 3, ಡ್ರೈವರ್‌ನ ದಾರಿಖರ್ಚಿನ ಬಾಟಾಕ್ಕೆ 2. ಎಲ್ಲ ಸೇರಿ 34.25. ಮಂಗಳೂರು–ಬೆಂಗಳೂರು ಹೋಗಿ ಬರಲು 700 ಕಿ.ಮೀ. ಎಂದು ಹಿಡಿದರೆ ಸುಮಾರು 24,000.

ಈಗ ಬಾಡಿಗೆಯ ಕಡೆ ನೋಡೋಣ. ಹೋಗುವಾಗ ಟನ್ನಿಗೆ 1,500ರಂತೆ 28,500. ಬರುವಾಗ ರಿಟರ್ನ್ ಲೋಡ್ ಟನ್ನಿಗೆ 800ರಂತೆ 15,200. ಏಜೆಂಟರ ಕಮಿಷನ್, ಹಮಾಲಿ, ಕಾಂಟಾದ (ತೂಕದ ಕಟ್ಟೆಯ) ಚಿಲ್ಲರೆ ಎಂದು ಹೋಗುವಾಗ 1,500, ಬರುವಾಗ 1,000 ಕಳೆಯಿರಿ. ಕೈಗೆ ಬರುವುದು 41,200. ಓಡುವ ಖರ್ಚು 24,000 ತೆಗೆದರೆ 17,200 ಉಳಿಯುತ್ತದೆ.

ಈ ಟ್ರಿಪ್ ನಾಲ್ಕು ದಿನದಲ್ಲಿ ಮುಗಿದರೆ ನಿಂತ ಖರ್ಚು 12,120. ಉಳಿತಾಯ 5,080. ಅದೇ ಟ್ರಿಪ್, ಅದೇ ಬಾಡಿಗೆ, ಅದೇ ಡೀಸೆಲ್‌ಗೆ ಆರು ದಿನ ತೆಗೆದುಕೊಂಡರೆ ನಿಂತ ಖರ್ಚು 18,180. ಆಗ 980 ರೂಪಾಯಿ ಕೈಯಿಂದ ಹೋಯಿತು. ಲಾಭ ನಷ್ಟದ ನಡುವೆ ಇರುವುದು ಎರಡೇ ದಿನ.

ರಿಟರ್ನ್ ಲೋಡ್‌ಗೆ ಕಾಯಬೇಕೋ, ಸಿಕ್ಕಿದ್ದನ್ನು ಎತ್ತಬೇಕೋ ಎಂಬ ಹಳೆಯ ಜಗಳಕ್ಕೂ ಇದೇ ಲೆಕ್ಕದಲ್ಲಿ ಉತ್ತರವಿದೆ. ಯಶವಂತಪುರದ ಬುಕಿಂಗ್ ಆಫೀಸಿನಲ್ಲಿ ಇವತ್ತೇ ಟನ್ನಿಗೆ 500ಕ್ಕೆ ಲೋಡ್ ಇದೆ, ಎರಡು ದಿನ ಕಾದರೆ 800 ಸಿಗಬಹುದು ಎಂದುಕೊಳ್ಳಿ. ಇವತ್ತೇ ಎತ್ತಿದರೆ ಓಡುವ ಖರ್ಚು ಕಳೆದು 11,500 ಉಳಿದು, ನಾಲ್ಕು ದಿನಕ್ಕೆ ಹಂಚಿದಾಗ ದಿನಕ್ಕೆ 2,875. ಕಾದು 800ಕ್ಕೆ ಎತ್ತಿದರೆ 17,200ನ್ನು ಆರು ದಿನಕ್ಕೆ ಹಂಚಬೇಕು, ದಿನಕ್ಕೆ 2,867. ಎರಡೂ ಒಂದೇ, ಮೇಲಾಗಿ ಎರಡನೆಯದರಲ್ಲಿ ‘ಸಿಗಬಹುದು’ ಎಂಬ ಅನುಮಾನ ಬೇರೆ. ಒಂದೇ ದಿನ ಕಾದು 800 ಖಚಿತವಾಗಿ ಸಿಗುವುದಾದರೆ ದಿನಕ್ಕೆ 3,440 ಬೀಳುತ್ತದೆ, ಆಗ ಕಾಯುವುದು ಸರಿ. ಪೂರಾ ಖಾಲಿ ಬರುವುದಂತೂ ಬೇಡ. ಡೀಸೆಲ್ ಸ್ವಲ್ಪ ಉಳಿದರೂ ಮೂರು ದಿನದ ನಿಂತ ಖರ್ಚು ಏಳುವುದಿಲ್ಲ. ಟನ್ನಿಗೆ ಎಷ್ಟು ಎಂದು ಕೇಳುವ ಅಭ್ಯಾಸ ಬಿಟ್ಟು ದಿನಕ್ಕೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕುವುದನ್ನು ರೂಢಿಸಿಕೊಂಡರೆ ಫೋನಿನಲ್ಲೇ ನಿರ್ಧಾರ ಮಾಡಬಹುದು.

ನಿಲ್ಲಿಸುವವರು ಯಾರು?

ಪಣಂಬೂರಿನ ಬಂದರಿನ ಎದುರಿನ ಲಾರಿ ಸಾಲಿಗೆ ಒಂದು ಕಾರಣವಿದೆ, ಅದನ್ನು ತಿಳಿದಿರಬೇಕು. ಹಡಗು ಬರ್ತ್‌ನಲ್ಲಿ (ಕಟ್ಟೆಯಲ್ಲಿ) ಹೆಚ್ಚು ದಿನ ನಿಂತರೆ ಸರಕಿನವರು ದೊಡ್ಡ ಮೊತ್ತದ ಡೆಮರೇಜ್, ಅಂದರೆ ತಡವಾದದ್ದಕ್ಕೆ ಹಣ ಕೊಡಬೇಕು. ಆದ್ದರಿಂದ ಕ್ರೇನ್ ಒಂದು ನಿಮಿಷವೂ ಲಾರಿಗೆ ಕಾಯದ ಹಾಗೆ ಬೇಕಾದದ್ದಕ್ಕಿಂತ ಹೆಚ್ಚು ಲಾರಿ ಕರೆಸುತ್ತಾರೆ. ಹಡಗಿನ ಕಾಯುವಿಕೆ ಲಾರಿಯ ತಲೆಗೆ ಬಂದು ಕೂರುವುದು ಹೀಗೆ. ಮಳೆಗಾಲದಲ್ಲಿ ಇದು ಇಮ್ಮಡಿ. ಗೊಬ್ಬರದಂಥ ಸರಕಿಗೆ ಒಂದು ಹನಿ ಬಿದ್ದರೂ ಹಡಗಿನ ಸರಕುಕೋಣೆಯ ಹ್ಯಾಚ್ ಮುಚ್ಚುತ್ತಾರೆ, ಮಳೆ ಬಿಡುವವರೆಗೆ ಲೋಡಿಂಗ್ ಇಲ್ಲ.

ಹಡಗಿಗೆ ಡೆಮರೇಜ್ ಇದ್ದರೆ ಲಾರಿಗೆ ಹಾಲ್ಟಿಂಗ್, ಅಂದರೆ ಕಾಯಿಸಿದ್ದಕ್ಕೆ ಕೊಡುವ ಹಣ ಇದೆ. ಆದರೆ ಹಾಲ್ಟಿಂಗ್ ಬಾಯಿಮಾತಿನಲ್ಲೇ ಉಳಿದರೆ ಸಿಗುವುದಿಲ್ಲ. ಲೋಡ್ ಒಪ್ಪುವಾಗಲೇ ಏಜೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಸಾಲು ಕಳುಹಿಸಿ ‘ಓಕೆ’ ಎಂದು ಬರೆಸಿಕೊಳ್ಳಿ: ಬಾಡಿಗೆ ಟನ್ನಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಲೋಡಿಂಗ್‌ಗೆ 24 ಗಂಟೆ ಮತ್ತು ಅನ್‌ಲೋಡಿಂಗ್‌ಗೆ 24 ಗಂಟೆ ದಾಟಿದರೆ ದಿನಕ್ಕೆ ಎಷ್ಟು ಹಾಲ್ಟಿಂಗ್, ಘಾಟಿ ಬಂದ್ ಆಗಿ ಸುತ್ತಿ ಹೋಗಬೇಕಾದರೆ ಹೆಚ್ಚುವರಿ ಕಿಲೋಮೀಟರಿಗೆ ಎಷ್ಟು. ತಲುಪಿದ ಕೂಡಲೇ ಗೇಟಿನ ಎದುರು ನಂಬರ್ ಪ್ಲೇಟ್ ಕಾಣುವಂತೆ ಒಂದು ಫೋಟೊ ತೆಗೆದು ಅದೇ ಜಾಗಕ್ಕೆ ಹಾಕಿ. ಗೇಟ್ ಪುಸ್ತಕದಲ್ಲಿ ‘ಇನ್’ ಸಮಯ ಬರೆಸಿ. ಗೋಡೌನಿನವರು ಎಲ್‌ಆರ್‌ಗೆ (ಲಾರಿಗೆ ಹಾಕಿದ ಸರಕಿನ ರಸೀದಿಗೆ) ಸಹಿ ಹಾಕುವಾಗ ಬಂದ ಸಮಯ, ಬಿಟ್ಟ ಸಮಯ ಎರಡನ್ನೂ ಬರೆಯುವಂತೆ ಕೇಳಿ. ಹತ್ತರಲ್ಲಿ ನಾಲ್ಕು ಬಾರಿ ಹಾಲ್ಟಿಂಗ್ ಸಿಕ್ಕರೂ ವರ್ಷಕ್ಕೆ ಒಂದು ಇಎಂಐಯಷ್ಟು ಆಗಬಹುದು.

ಬೆಂಗಳೂರಿನ ದಾರಿಯ ಶಿರಾಡಿ ಘಾಟಿಯ ವಿಷಯ ಬೇರೆಯೇ. 2018ರಲ್ಲಿ ಕಾಂಕ್ರೀಟ್ ಕೆಲಸಕ್ಕೆಂದು ತಿಂಗಳುಗಟ್ಟಲೆ ಮುಚ್ಚಿದ ರಸ್ತೆ ತೆರೆದ ಕೆಲವೇ ವಾರಗಳಲ್ಲಿ ಆಗಸ್ಟ್ ಮಳೆಗೆ ಕುಸಿಯಿತು. 2024ರ ಜುಲೈಯಲ್ಲಿ ದೊಡ್ಡತಪ್ಲುವಿನಲ್ಲಿ ಮತ್ತೆ ಗುಡ್ಡ ಜಾರಿತು. ಚಾರ್ಮಾಡಿ, ಸಂಪಾಜೆಗಳಲ್ಲಿ ಭಾರಿ ವಾಹನಕ್ಕೆ ಮಳೆಗಾಲದಲ್ಲಿ ಆಗಾಗ ತಡೆ ಬೀಳುತ್ತದೆ, ಆಗುಂಬೆಯ ತಿರುವುಗಳು ಹತ್ತು ಚಕ್ರದ ಗಾಡಿಗೆ ಅಲ್ಲವೇ ಅಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಏಳು ಟ್ರಿಪ್ ಎಂದು ಲೆಕ್ಕ ಹಾಕಿ ಸಾಲ ಮಾಡಿದವರು ತೊಂದರೆಗೆ ಸಿಲುಕುತ್ತಾರೆ. ನಾಲ್ಕೂವರೆ, ಐದು ಎಂದು ಹಿಡಿದು, ಒಣ ತಿಂಗಳುಗಳಲ್ಲಿ ಎರಡು ಕಂತಿನ ಹಣವನ್ನು ಮುಟ್ಟದೆ ಎತ್ತಿಡುವುದು ಒಳ್ಳೆಯದು.

ಘಾಟಿಯಲ್ಲಿ ಸಿಕ್ಕಿಕೊಂಡಾಗ ಇ-ವೇ ಬಿಲ್, ಅಂದರೆ ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಪರವಾನಗಿ ಮರೆಯಬೇಡಿ. ಅದರ ಅವಧಿ 200 ಕಿ.ಮೀ.ಗೆ ಒಂದು ದಿನ. ಬೆಂಗಳೂರಿನ 350 ಕಿ.ಮೀ.ಗೆ ಎರಡೇ ದಿನ ಸಿಗುತ್ತದೆ. ಸಕಲೇಶಪುರದಲ್ಲಿ ಎರಡು ರಾತ್ರಿ ನಿಂತರೆ ಅದು ಸತ್ತಂತೆ. ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ಮಾತ್ರ ವಿಸ್ತರಿಸಬಹುದು. ಟ್ರಾನ್ಸ್‌ಪೋರ್ಟರಿಗೆ ಫೋನ್ ಮಾಡಿ, ನಿಂತ ಜಾಗದ ಪಿನ್‌ಕೋಡ್ ಕೊಟ್ಟು ಮಾಡಿಸಿ. ಗಾಡಿ ಕೆಟ್ಟು ಸರಕನ್ನು ಬೇರೆ ಲಾರಿಗೆ ಬದಲಾಯಿಸಿದರೆ ಬಿಲ್ಲಿನ ಪಾರ್ಟ್-ಬಿಯಲ್ಲಿ ಹೊಸ ನಂಬರ್ ಹಾಕಿಸದೆ ಒಂದು ಹೆಜ್ಜೆಯೂ ಇಡಬಾರದು. ಸಿಕ್ಕಿಬಿದ್ದರೆ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು. ದಂಡ ಸರಕಿನವರದ್ದಾದರೂ ಅದು ತೀರುವವರೆಗೆ ಹಿಡಿದಿಡುವುದು ನಿಮ್ಮ ಲಾರಿಯನ್ನು.

ನಿಂತಲ್ಲೇ ಕೆಡುವ ಗಾಡಿ

2020ರ ಏಪ್ರಿಲ್ ನಂತರದ ಬಿಎಸ್6 ಲಾರಿಗಳು ನಿಲ್ಲುವುದನ್ನು ಹಳೆಯ ಗಾಡಿಗಳಷ್ಟು ತಾಳಿಕೊಳ್ಳುವುದಿಲ್ಲ. ಸೈಲೆನ್ಸರ್ ಸಾಲಿನಲ್ಲಿರುವ ಡಿಪಿಎಫ್ ಎಂಬ ಜಾಲರಿ ಮಸಿಯನ್ನು ಹಿಡಿದಿಟ್ಟು, ಹೊಗೆ ಚೆನ್ನಾಗಿ ಬಿಸಿಯಾದಾಗ ಸುಟ್ಟು ಶುಚಿಯಾಗುತ್ತದೆ. ಹಾಸನದ ಬಯಲಿನಲ್ಲಿ ಲೋಡ್ ಹೊತ್ತು ಒಂದು ಗಂಟೆ ಓಡಿದರೆ ಅದು ತಾನಾಗಿಯೇ ಆಗುತ್ತದೆ. ಪಣಂಬೂರಿನಿಂದ ಬೈಕಂಪಾಡಿ ಗೋಡೌನಿಗೆ ಓಡಾಡುವ ಗಾಡಿಯಲ್ಲಿ, ಸಾಲಿನಲ್ಲಿ ಎಂಜಿನ್ ಚಾಲೂ ಇಟ್ಟು ಹತ್ತು ಅಡಿ ಮುಂದೆ ಸರಿಸುವ ಗಾಡಿಯಲ್ಲಿ ಆ ಬಿಸಿ ಬರುವುದೇ ಇಲ್ಲ. ಮಸಿ ತುಂಬಿ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿ, ಕೊನೆಗೆ ಎಂಜಿನ್ ಶಕ್ತಿ ಇಳಿಸಿಕೊಳ್ಳುತ್ತದೆ. ದೀಪ ಕಂಡ ಕೂಡಲೇ ಒಣ ಹುಲ್ಲು, ಟಾರ್ಪಾಲು ಹತ್ತಿರವಿಲ್ಲದ ಜಾಗದಲ್ಲಿ ನಿಲ್ಲಿಸಿ ಮಸಿ ಸುಡುವ ರೀಜನರೇಷನ್ ಸ್ವಿಚ್ ಒತ್ತಬೇಕು. ಅರ್ಧ, ಮುಕ್ಕಾಲು ಗಂಟೆ ಬೇಕಾಗುತ್ತದೆ, ನಡುವೆ ಆಫ್ ಮಾಡಬಾರದು. ‘ಆಮೇಲೆ ನೋಡೋಣ’ ಎಂದು ದೀಪವನ್ನು ಮೂರು ದಿನ ಕಡೆಗಣಿಸಿದರೆ ಜಾಲರಿಯನ್ನೇ ಬಿಚ್ಚಬೇಕಾಗುತ್ತದೆ.

ಡಿಇಎಫ್‌ನಲ್ಲಿ ಯೂರಿಯಾ ಶೇ 32.5, ಉಳಿದದ್ದು ಖನಿಜವಿಲ್ಲದ ಶುದ್ಧ ನೀರು. ಬಾವಿ ನೀರು ಬೆರೆಸಿದ್ದನ್ನೋ ತೆರೆದ ಕ್ಯಾನಿನದ್ದನ್ನೋ ಅಗ್ಗಕ್ಕೆಂದು ಹಾಕಿದರೆ ಇಂಜೆಕ್ಟರಿನ ಮೂತಿಯಲ್ಲಿ ಬಿಳಿ ಹರಳು ಕಟ್ಟುತ್ತದೆ. ಲೀಟರಿಗೆ ಹತ್ತು ರೂಪಾಯಿ ಉಳಿಸಲು ಹೋಗಿ ನಾಲ್ಕು ದಿನ ವರ್ಕ್‌ಶಾಪಿನಲ್ಲಿ ನಿಲ್ಲುವುದು, ಅಂದರೆ ರಿಪೇರಿ ಬಿಲ್ಲಿನ ಮೇಲೆ ಇನ್ನೂ 12,000.

ಕರಾವಳಿಯ ಗಾಳಿಗೂ ಒಂದು ಮಾತು. ಇಲ್ಲಿ ತೇವ ಹೆಚ್ಚು, ಏರ್ ಟ್ಯಾಂಕಿನಲ್ಲಿ ನೀರು ಬೇಗ ಸೇರುತ್ತದೆ. ಪ್ರತಿದಿನ ಡ್ರೈನ್ ಎಳೆದು ನೀರು ಬಿಡದಿದ್ದರೆ ಬ್ರೇಕ್ ವಾಲ್ವ್‌ಗಳಿಗೆ ತುಕ್ಕು ಹಿಡಿಯುತ್ತದೆ. ಇದರ ಪರಿಣಾಮ ಗೊತ್ತಾಗುವುದು ಶಿರಾಡಿಯಲ್ಲಿ ಮಾರನಹಳ್ಳಿಯಿಂದ ಗುಂಡ್ಯಕ್ಕೆ ಇಳಿಯುವಾಗ. ಕಾಫಿ ಲೋಡ್ ಹೊತ್ತು ಇಳಿಯುವ ಲಾರಿಯ ಬ್ರೇಕನ್ನು ಒತ್ತಿಯೇ ಹಿಡಿದರೆ ಡ್ರಮ್ ಕಾದು ಹಿಗ್ಗುತ್ತದೆ, ಲೈನರಿನ ಮೈ ಗಾಜಿನಂತೆ ನುಣುಪಾಗುತ್ತದೆ, ಸುಟ್ಟ ವಾಸನೆ ಕ್ಯಾಬಿನ್ನಿಗೆ ಬರುತ್ತದೆ. ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಹಿಡಿತ ಇರುವುದಿಲ್ಲ. ಆ ಕಾವು ರಿಮ್ ಮೂಲಕ ಟೈರಿನ ಬಾಯಿಗೂ ಹರಿದು, ಇನ್ನೂ ಓಡಬೇಕಿದ್ದ ಟೈರ್ ಅರ್ಧಕ್ಕೇ ಹೋಗುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್, ಜೊತೆಗೆ ಎಕ್ಸಾಸ್ಟ್ ಬ್ರೇಕ್, ಕಾಲಿನ ಬ್ರೇಕ್ ಆಗಾಗ ಒತ್ತಿ ಬಿಡುವುದಕ್ಕೆ ಮಾತ್ರ. ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತದೆ ಎಂಬುದು ಹಳೆಯ ತಪ್ಪು ತಿಳಿವಳಿಕೆ. ಈಗಿನ ಕಾಮನ್ ರೈಲ್ ಎಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪೂರ್ತಿ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗ್‌ಗೆ ಕುಡಿಯುತ್ತಲೇ ಇರುತ್ತದೆ. ಗುಂಡ್ಯದಲ್ಲಿ ನಿಲ್ಲಿಸಿ ಕಾದ ಡ್ರಮ್ಮಿಗೆ ನೀರು ಸುರಿಯುವುದನ್ನು ಈಗಲೂ ಕಾಣಬಹುದು. ದಯವಿಟ್ಟು ಬೇಡ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಇಪ್ಪತ್ತು ನಿಮಿಷ ಗಾಳಿಗೆ ಬಿಟ್ಟು, ಚಹಾ ಕುಡಿದು ಹೊರಡಿ. ಈ ಇಪ್ಪತ್ತು ನಿಮಿಷ ಪೋಲಲ್ಲ.

ಓವರ್‌ಲೋಡ್ ಬಗ್ಗೆ ಬಹಳ ಹೇಳುವುದು ಬೇಡ. ಮೂರು ಟನ್ ಹೆಚ್ಚು ಹಾಕಿದರೆ ಸಿಗುವುದು 4,500. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ದಂಡ 20,000, ಅದರ ಮೇಲೆ ಟನ್ನಿಗೆ 2,000, ಒಟ್ಟು 26,000. ಹೆಚ್ಚಿನ ಸರಕು ಅಲ್ಲೇ ಇಳಿಸಬೇಕು, ಆ ದಿನವೂ ಹೋಯಿತು. ಸುಮಾರು ಆರು ಟ್ರಿಪ್‌ನ ಹೆಚ್ಚುವರಿ ಗಳಿಕೆ ಒಂದೇ ಸಲಕ್ಕೆ ಮುಗಿಯಿತು.

ಬಾಕಿ ಹಣ

ಲಾರಿಯಂತೆ ದುಡ್ಡೂ ನಿಲ್ಲುತ್ತದೆ. ಬಾಡಿಗೆಯ ಶೇ 30 ಬ್ಯಾಲೆನ್ಸ್ ಉಳಿದು ಎರಡು ತಿಂಗಳ ನಂತರ ಬರುವುದಾದರೆ, ಮೇಲಿನ ಲೆಕ್ಕದಲ್ಲಿ ಟ್ರಿಪ್ಪಿಗೆ 13,000, ತಿಂಗಳಿಗೆ ಏಳು ಟ್ರಿಪ್, ಅಂದರೆ ಯಾವತ್ತೂ 1.8 ಲಕ್ಷ ರೂಪಾಯಿ ಬೇರೆಯವರ ಬಳಿ ಇರುತ್ತದೆ. ಆ ಹೊತ್ತಿಗೆ ಡೀಸೆಲ್‌ಗೆ ಬಂಕಿನ ಸಾಲ, ಟೈರಿಗೆ ಕೈಗಡ. ದೊಡ್ಡ ಸಂಸ್ಥೆ ಬ್ಯಾಂಕಿನ ಹಣದಲ್ಲಿ ಇದನ್ನು ತಡೆದುಕೊಳ್ಳುತ್ತದೆ, ಒಂಟಿ ಧಣಿ ಹೆಂಡತಿಯ ಬಳೆಯಲ್ಲಿ.

ಕಾನೂನು ಇಲ್ಲಿ ಸ್ವಲ್ಪ ನೆರವಿಗೆ ಬರುತ್ತದೆ, ಬಳಸುವವರು ಮಾತ್ರ ಕಡಿಮೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮೊಬೈಲ್‌ನಲ್ಲೇ ಆಗುತ್ತದೆ. ಲಾರಿ ಬಾಡಿಗೆ ಸೇವೆಯಾದ್ದರಿಂದ ಒಂದು ಲಾರಿಯವನೂ ಸೂಕ್ಷ್ಮ ಉದ್ಯಮಿ. ಆ ನಂಬರನ್ನು ಬಿಲ್ಲಿನ ಮೇಲೆ ಬರೆದರೆ, ಲಿಖಿತ ಒಪ್ಪಂದವಿದ್ದಾಗ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬಡ್ಡಿ ಕೇಳುವ ಹಕ್ಕಿದೆ. 2024ರಿಂದ ಇನ್ನೊಂದು ಹಿಡಿತವೂ ಸೇರಿದೆ: ಈ ಗಡುವು ಮೀರಿ ಬಾಕಿ ಇಟ್ಟ ಮೊತ್ತವನ್ನು ಕೊಡುವವರೆಗೆ ಆ ಕಂಪನಿ ತನ್ನ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಹಾಗಾಗಿ ಮಾರ್ಚ್ ಬಂದರೆ ಅಕೌಂಟ್ಸ್‌ನವರೇ ಉದ್ಯಮ್ ನಂಬರ್ ಇರುವ ಬಿಲ್ ಹುಡುಕುತ್ತಾರೆ. ಸಹಿಯಾದ ಎಲ್‌ಆರ್ ಪ್ರತಿಯನ್ನು ಅನ್‌ಲೋಡ್ ಆದ ಸಂಜೆಯೇ ಫೋಟೊ ತೆಗೆದು ಕಳುಹಿಸಿ, ಮೂಲ ಪ್ರತಿಯನ್ನು ವಾರದೊಳಗೆ ಕೊಡಿ. ಎಷ್ಟೋ ಬಾಕಿ ನಿಂತಿರುವುದು ಆ ಕಾಗದ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಒಣಗುತ್ತಿರುವುದರಿಂದ.

ತೆರಿಗೆಗೂ ಹೆದರಬೇಕಾಗಿಲ್ಲ. ಹತ್ತಕ್ಕಿಂತ ಹೆಚ್ಚು ಲಾರಿ ಇಲ್ಲದವರಿಗೆ ಅಂದಾಜು ಆದಾಯದ ಪದ್ಧತಿ ಇದೆ. 12 ಟನ್ ಮೀರಿದ ಗಾಡಿಗೆ ಒಟ್ಟು ತೂಕದ ಟನ್ನಿಗೆ ತಿಂಗಳಿಗೆ 1,000 ರೂಪಾಯಿ. 28 ಟನ್ನಿಗೆ ವರ್ಷಕ್ಕೆ 3.36 ಲಕ್ಷ. ಬೇರೆ ಆದಾಯವಿಲ್ಲದಿದ್ದರೆ ತೆರಿಗೆ ಬರುವುದಿಲ್ಲ. ಆದರೂ ರಿಟರ್ನ್ ಸಲ್ಲಿಸಿ. ಮೂರು ವರ್ಷದ ರಿಟರ್ನ್ ಇದ್ದವನಿಗೆ ಮುಂದಿನ ಲಾರಿಗೆ ಬ್ಯಾಂಕ್ ಸಾಲ ಸಿಗುತ್ತದೆ, ಇಲ್ಲದವನು ಖಾಸಗಿ ಫೈನಾನ್ಸ್‌ನ ದುಬಾರಿ ಬಡ್ಡಿಗೆ ಹೋಗುತ್ತಾನೆ. ಪ್ಯಾನ್ ಮತ್ತು ಹತ್ತು ಲಾರಿ ಮೀರಿಲ್ಲ ಎಂಬ ಘೋಷಣೆ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಕಡಿತವೂ ಇಲ್ಲ. ಟ್ರಾನ್ಸ್‌ಪೋರ್ಟ್ ಏಜೆನ್ಸಿಗೆ ಲಾರಿಯನ್ನು ಬಾಡಿಗೆಗೆ ಕೊಡುವುದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ.

ಯಾವ ಲೋಡ್ ಹೋಯಿತು, ಯಾವುದು ಉಳಿಯುತ್ತದೆ

ಈ ಕರಾವಳಿ ಲೋಡ್ ಕಳೆದುಕೊಳ್ಳುವುದನ್ನು ಮೊದಲೂ ಕಂಡಿದೆ. ಬಳ್ಳಾರಿ, ಹೊಸಪೇಟೆಯ ಅದಿರನ್ನು ನಂಬಿ ಸಾಲು ಸಾಲು ಲಾರಿ ಕೊಂಡಿದ್ದರು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಕಂತು ಮಾತ್ರ ನಿಲ್ಲಲಿಲ್ಲ. ಪೆಟ್ರೋಲು, ಡೀಸೆಲಿನ ದೊಡ್ಡ ಪಾಲು ಟ್ಯಾಂಕರಿನಿಂದ ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನ್‌ಗೆ ಹೋಯಿತು, ಆಮೇಲೆ ಎಲ್‌ಪಿಜಿಗೂ ಪೈಪ್‌ಲೈನ್ ಬಂತು. ಒಂದೇ ಬಗೆಯ ಸರಕು, ದೊಡ್ಡ ಪ್ರಮಾಣ, ವರ್ಷವಿಡೀ ಒಂದೇ ದಾರಿ: ಈ ಮೂರೂ ಸೇರಿದ ಲೋಡ್ ಒಂದಲ್ಲ ಒಂದು ದಿನ ಪೈಪಿಗೋ ರೈಲಿಗೋ ದೊಡ್ಡ ಸಂಸ್ಥೆಗೋ ಹೋಗುತ್ತದೆ. ಕಂಟೇನರ್ ಸಾಗಣೆ ಈಗಾಗಲೇ ಆ ದಾರಿಯಲ್ಲಿದೆ.

ಎಲೆಕ್ಟ್ರಿಕ್ ಲಾರಿಯೂ ಮೊದಲು ಬರುವುದು ಇಂಥಲ್ಲೇ. ಬಂದರಿನಿಂದ ಗೋಡೌನಿಗೆ ಹತ್ತು ಹದಿನೈದು ಕಿ.ಮೀ., ದಿನಕ್ಕೆ ಹಲವು ಸಲ, ಸಂಜೆಗೆ ಒಂದೇ ಜಾಗಕ್ಕೆ ವಾಪಸ್. ಚಾರ್ಜಿಂಗ್‌ಗೆ ಹೇಳಿ ಮಾಡಿಸಿದಂತಿದೆ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಒಂದು ಲಾರಿಗೆ ಗರಿಷ್ಠ 9.6 ಲಕ್ಷ ಸಹಾಯಧನ ಇಟ್ಟಿದ್ದರು, ಹಳೆಯ ಲಾರಿ ಗುಜರಿಗೆ ಹಾಕಿದ ಪ್ರಮಾಣಪತ್ರದ ಷರತ್ತಿನೊಂದಿಗೆ. ಅದನ್ನು ಕಳೆದ ಮೇಲೂ ಆ ಬಂಡವಾಳ ಒಬ್ಬನ ಕೈಗೆ ಎಟಕುವಂಥದ್ದಲ್ಲ. ಬಂದರಿನ ಸುತ್ತಲ ಕಿರು ಓಡಾಟವನ್ನೇ ನಂಬಿದವರು ಈಗಲೇ ಬೇರೆ ಲೋಡಿನ ನಂಟು ಬೆಳೆಸಿಕೊಳ್ಳಬೇಕು.

ಹಾಗಾದರೆ ಉಳಿಯುವುದು ಯಾವುದು? ಚಿಕ್ಕ ಪ್ರಮಾಣದ, ಋತುವಿಗೆ ತಕ್ಕಂತೆ ಬದಲಾಗುವ, ಹದಿನಾರು ಚಕ್ರದ ಟ್ರೇಲರ್ ತಿರುಗದ ದಾರಿಯ ಲೋಡ್. ಮೇ, ಜೂನ್‌ನಲ್ಲಿ ಪಣಂಬೂರಿನಿಂದ ಹಾಸನ, ಚಿಕ್ಕಮಗಳೂರಿನ ಕಡೆಗೆ ಗೊಬ್ಬರ. ಡಿಸೆಂಬರ್ ಕಳೆದ ಮೇಲೆ ಅಲ್ಲಿಂದ ಬಂದರಿಗೆ ಕಾಫಿ. ಆಫ್ರಿಕಾದಿಂದ ಬರುವ ಕಚ್ಚಾ ಗೋಡಂಬಿ ಕಾರ್ಕಳ, ಕುಂದಾಪುರದ ಕಾರ್ಖಾನೆಗಳಿಗೆ. ಆಮದು ಮರದ ದಿಮ್ಮಿ ಒಳನಾಡಿನ ಸಾಮಿಲ್ಲುಗಳಿಗೆ. ಮಲ್ಪೆಯ ಮೀನು ಕೇರಳ, ಗೋವಾಕ್ಕೆ. ಆದರೆ ಜೂನ್, ಜುಲೈಯ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳಿಗೆ ಬೇರೆ ದಾರಿ ಗೊತ್ತಿರಬೇಕು. ಗೋಡಂಬಿ, ಕಾಫಿ ಎರಡಕ್ಕೂ ನೀರು ತಾಗಿದರೆ ಬಾಡಿಗೆಯೇ ಕ್ಲೇಮಿಗೆ ಹೋಗುತ್ತದೆ. ಮಳೆಗಾಲದಲ್ಲಿ ಎರಡು ಪದರ ಟಾರ್ಪಾಲು, ಮೇಲಿನದು ಬಾಡಿಯಿಂದ ಎರಡಡಿ ಕೆಳಗೆ ಇಳಿದಿರಬೇಕು, ತಳದ ಹಲಗೆಯ ಬಿರುಕಿಗೂ ಪ್ಲಾಸ್ಟಿಕ್ ಹಾಸಿರಬೇಕು. ನೀರು ಮೇಲಿನಿಂದ ಬಾರದಿದ್ದರೂ ಚಕ್ರದಿಂದ ಚಿಮ್ಮಿ ಕೆಳಗಿನಿಂದ ಬರುತ್ತದೆ. ಗೋಡಂಬಿಯ ಫ್ಯಾಕ್ಟರಿ ಮ್ಯಾನೇಜರ್ ಒಮ್ಮೆ ಚೀಲ ಒದ್ದೆಯಾಗದಂತೆ ತಂದುಕೊಟ್ಟವನ ನಂಬರನ್ನು ಮರೆಯುವುದಿಲ್ಲ. ಒಂಟಿ ಧಣಿಗೆ ಏಜೆಂಟರಿಲ್ಲದ ಲೋಡ್ ಸಿಗುವುದು ಹೀಗೆ.

ಮುಂಬೈ ಕಡೆಗೆ ಹೋಗುವವರು ಕೊಂಕಣ ರೈಲ್ವೆಯ ರೋರೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1999ರಲ್ಲಿ ಮಹಾರಾಷ್ಟ್ರದ ಕೊಲಾಡ್, ಗೋವಾದ ವೆರ್ಣಾ ನಡುವೆ ಆರಂಭವಾದದ್ದು 2004ರಲ್ಲಿ ಸುರತ್ಕಲ್‌ಗೆ ಬಂತು. ಲಾರಿ ರೈಲಿನ ಮೇಲೆ ಕೂತು ಕೊಲಾಡ್‌ವರೆಗೆ 700 ಕಿ.ಮೀ.ಗೂ ಹೆಚ್ಚು ಹೋಗುತ್ತದೆ. ರೈಲಿನ ದರವನ್ನು ಡೀಸೆಲ್ ಒಂದರ ಜೊತೆ ಹೋಲಿಸಬಾರದು, ಕಿಲೋಮೀಟರಿನ 34.25ರ ಜೊತೆ ಹೋಲಿಸಿ, ಸುರತ್ಕಲ್‌ನಲ್ಲಿ ರೈಲಿಗೆ ಕಾದ ದಿನವನ್ನು 3,030ರಂತೆ ಸೇರಿಸಿ. ಮಳೆಗಾಲದಲ್ಲಿ ಉತ್ತರ ಸಾಮಾನ್ಯವಾಗಿ ರೈಲಿನ ಕಡೆಗೇ ವಾಲುತ್ತದೆ.

ಹೊಸ ಗಾಡಿಯೋ ಹಳೆಯದೋ ಎಂಬ ಪ್ರಶ್ನೆಗೂ ಇದೇ ತಕ್ಕಡಿ. 2025ರ ಸೆಪ್ಟೆಂಬರ್ 22ರಿಂದ ಲಾರಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದರಿಂದ ಹೊಸದರ ಆಸೆ ಸಹಜ. ಆದರೆ ತಿಂಗಳಿಗೆ ಐದು ಟ್ರಿಪ್ ಮಾತ್ರ ಖಚಿತ ಇರುವವನಿಗೆ, 12 ಲಕ್ಷ ಸಾಲದ ಹಳೆಯ ಬಿಎಸ್4 ಗಾಡಿಯಲ್ಲಿ, ಬಡ್ಡಿ, ಕಂತು ಮೇಲಿನಂತೆಯೇ ಎಂದರೆ, ನಿಂತ ದಿನದ ಖರ್ಚು ಸುಮಾರು 1,870ಕ್ಕೆ ಇಳಿಯುತ್ತದೆ. ರಿಪೇರಿಗೆ ಕಿ.ಮೀ.ಗೆ ಎರಡು ರೂಪಾಯಿ ಹೆಚ್ಚು ಹಾಕಿದರೂ ಆರು ದಿನದ ಟ್ರಿಪ್‌ನಲ್ಲಿ ಕೈಗೆ ಏನಾದರೂ ಉಳಿಯುತ್ತದೆ. ಕೊಳ್ಳುವ ಮೊದಲು ಚಾಸಿಯ ಅಡಿಯಲ್ಲಿ, ಪ್ಲೇಟ್ ಸೆಟ್ಟಿನ (ಸ್ಪ್ರಿಂಗ್ ಪಟ್ಟಿಗಳ) ಬ್ರಾಕೆಟ್ ಬಳಿ ಉಪ್ಪುಗಾಳಿಯ ತುಕ್ಕು ನೋಡಿ. ಮೀನಿನ ಲಾರಿಯಾಗಿದ್ದರೆ ಇನ್ನೂ ಎಚ್ಚರಿಕೆಯಿಂದ ನೋಡಿ. ನ್ಯಾಷನಲ್ ಪರ್ಮಿಟ್ ಆರು ಚಕ್ರದ ಗಾಡಿಗೆ 12 ವರ್ಷ, ಮೂರು ಅಥವಾ ಹೆಚ್ಚು ಆಕ್ಸಲ್ ಇದ್ದರೆ 15 ವರ್ಷ. ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ, ಅದೂ ಎರಡು ಮೂರು ದಿನ ನಿಲ್ಲಿಸುತ್ತದೆ.

ಐದು ಜನ ಸೇರಿದರೆ

ಸಂಘದ ನಂಬರ್ ಪದ್ಧತಿ, ಅಂದರೆ ಸರದಿಯಂತೆ ಲೋಡ್ ಕೊಡುವುದು, ಜಗಳ ತಪ್ಪಿಸುತ್ತದೆ, ದರವನ್ನು ತೀರಾ ಕೆಳಗೆ ಬೀಳಲು ಬಿಡುವುದಿಲ್ಲ. ಆದರೆ ಲೋಡಿಗಿಂತ ಲಾರಿ ಹೆಚ್ಚಾದಾಗ ಅದೇ ಪದ್ಧತಿ ಎಲ್ಲರನ್ನೂ ಸಮಾನವಾಗಿ ನಿಲ್ಲಿಸುತ್ತದೆ. ಸರದಿಯ ಜೊತೆಗೆ ಇನ್ನೊಂದು ಕೆಲಸ ಬೇಕು. ನೇರ ಲೋಡ್ ಕೊಡುವ ಕಂಪನಿಗಳು ಕೇಳುವುದು ಕನಿಷ್ಠ ಇಷ್ಟು ಗಾಡಿ, ಜಿಪಿಎಸ್, ತಿಂಗಳಿಗೊಂದು ಬಿಲ್. ಇದನ್ನು ಒಬ್ಬ ಕೊಡಲಾರ, ಐದು ಜನರ ಪಾಲುದಾರಿಕೆ ಕೊಡಬಲ್ಲದು. ಲಾರಿ ಅವರವರ ಹೆಸರಿನಲ್ಲೇ ಇರಲಿ, ಸಾಲವೂ ಅವರವರದೇ. ಗುತ್ತಿಗೆ ಮತ್ತು ಬಿಲ್ ಮಾತ್ರ ಫರ್ಮಿನದು. ಒಂದು ಹೆಚ್ಚುವರಿ ಡ್ರೈವರ್, ರಿಮ್ ಸಹಿತ ಎರಡು ಸ್ಟೆಪ್ನಿ, ಒಂದು ಸೆಟ್ ಕ್ಲಚ್ ಪ್ಲೇಟ್ ಐವರಿಗೂ ಸಾಮಾನ್ಯವಾಗಿದ್ದರೆ ಒಬ್ಬನಿಗೆ ಜ್ವರ ಬಂದಾಗಲೂ ಗಾಡಿ ಹೊರಡುತ್ತದೆ.

ಇಂಥ ಫರ್ಮ್ ಒಡೆಯುವುದು ಎರಡೇ ಕಾರಣಕ್ಕೆ: ಒಳ್ಳೆಯ ಲೋಡ್ ಯಾರಿಗೆ, ಬಂದ ಹಣ ಯಾವಾಗ. ಮೊದಲನೆಯದಕ್ಕೆ ಟ್ರಿಪ್ ಎಣಿಸದೆ ತಿಂಗಳಲ್ಲಿ ಹೆಚ್ಚು ದಿನ ನಿಂತ ಲಾರಿಗೆ ಮುಂದಿನ ಲೋಡ್ ಎಂದು ಬರೆದಿಡಿ. ಎರಡನೆಯದಕ್ಕೆ ಫರ್ಮಿನ ಖಾತೆಯಿಂದ ಹಣ ತೆಗೆಯಲು ಇಬ್ಬರ ಸಹಿ, ಮತ್ತು ಕಂಪನಿಯಿಂದ ಹಣ ಬಂದ ಎರಡನೇ ದಿನ ಎಲ್‌ಆರ್ ನಂಬರ್ ಪ್ರಕಾರ ಅವರವರ ಖಾತೆಗೆ ವರ್ಗ. ಫರ್ಮಿನ ಖರ್ಚಿಗೆ ಶೇ 3 ಹಿಡಿದರೆ ಏಜೆಂಟರ ಕಮಿಷನ್ನಿಗಿಂತ ಕಡಿಮೆಯೇ ಬೀಳುತ್ತದೆ. ಪಟ್ಟಿಗೆ ಒಂದು ನೋಟ್‌ಬುಕ್ ಸಾಕು: ಲಾರಿ ನಂಬರ್, ತಾರೀಖು, ಓಡಿದೆಯೋ ನಿಂತಿದೆಯೋ, ನಿಂತಿದ್ದರೆ ಎಲ್ಲಿ, ಯಾರಿಂದ. ಮೂರು ತಿಂಗಳು ತುಂಬಿಸಿದ ಆ ಪುಟಗಳನ್ನು ಮೇಜಿನ ಮೇಲಿಟ್ಟು ಮಾತಾಡಿದರೆ, ಯಾವ ಗೋಡೌನಿನ ಲೋಡಿಗೆ ಟನ್ನಿಗೆ ನೂರು ಹೆಚ್ಚು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಐವರಿಗೂ ಒಟ್ಟಿಗೇ ಕಾಣುತ್ತದೆ.